ಮನ್ನಿಸು ಎಂಬ ಮಾತು

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಬಾಗಲಕೋಟೆ ಕಡೆ ಮನೆಗಳಲ್ಲಿ ‘ಕ್ಷಮಿಸು’ ಅನ್ನೋ ಮಾತು ಕೇಳೋದೇ ಕಡಿಮೆ, ಅಲ್ವಾ? ನಮ್ಮವ್ವ ಅಂತೂ ಅಂದದ್ದೇ ಇಲ್ಲ. “ತಪ್ಪಾತ್ರಿ, ಹೊಟ್ಯಾಗ ಹಾಕ್ಕೋರಿ” ಅನ್ನುತ್ತಿದ್ದಳು. ಕ್ಷಮೆ ಸಂಸ್ಕೃತದ್ದು. ತಾಳಿಕೊಳ್ಳುವುದು ಅದರ ಮೂಲ ಅರ್ಥ, ಅದಕ್ಕೇ ಭೂಮಿಗೂ ಕ್ಷಮೆ ಎಂಬ ಹೆಸರಿದೆ. ಮಾಫಿ ಅರಬ್ಬಿಯಿಂದ ಬಂದದ್ದು. ಸಾಲಕ್ಕೆ, ದಂಡಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ನನಗೆ ಹೆಚ್ಚು ಪ್ರೀತಿ ‘ಮನ್ನಿಸು’ ಮೇಲೆ. 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟು ತೆರೆದರೆ ಇದಕ್ಕೆ ಗೌರವಿಸು ಎಂಬ ಅರ್ಥವೂ ಇದೆ. ಹಳೆಯ ಕನ್ನಡದಲ್ಲಿ ಅರಸ ಕವಿಯನ್ನು ಮನ್ನಿಸಿದ ಅಂದರೆ, ಕವಿ ತಪ್ಪು ಮಾಡಿದ್ದ ಅಂತಲ್ಲ. ಅವನಿಗೆ ಮರ್ಯಾದೆ ಕೊಟ್ಟ ಅಂತ. ಮನ್ನಣೆ ಇದರ ಒಡಹುಟ್ಟು. ಮಾನ, ಮಾನ್ಯ ಎಲ್ಲ ಇದೇ ಬಳಗ. ಗೌರವಿಸುವುದಕ್ಕೂ ತಪ್ಪು ಬಿಡುವುದಕ್ಕೂ ಒಂದೇ ಮಾತು ಯಾಕೆ? ಇದು ನನಗೆ ಪುಸ್ತಕದಿಂದ ತಿಳಿಯಲಿಲ್ಲ.

ನಮ್ಮ ದೊಡ್ಡಪ್ಪ ಒಂದು ವರ್ಷ ಹೊಲದ ಬದುವನ್ನು ನಮ್ಮ ಕಡೆ ಎರಡು ಸಾಲಿನಷ್ಟು ಸರಿಸಿದ್ದರು. ಅಪ್ಪನಿಗೂ ಅವರಿಗೂ ಮಾತು ನಿಂತಿತು. ಮದುವೆ, ಮುಂಜಿವಿ, ಯಾವುದಕ್ಕೂ ಹೋಗಿ ಬರುವುದಿಲ್ಲ. ಮೂರನೇ ವರ್ಷ ದಸರೆಯ ಸಂಜೆ, ನಾವು ಬನ್ನಿ ಹಿಡಿದು ಊರಿಗೆಲ್ಲ ಹೊರಡುವ ಹೊತ್ತಿಗೆ, ದೊಡ್ಡಪ್ಪನೇ ಬಾಗಿಲಲ್ಲಿ ನಿಂತಿದ್ದರು. ಹಿರಿಯರು ಇರುವಲ್ಲಿಗೆ ಕಿರಿಯರು ಹೋಗುವುದು ಪದ್ಧತಿ. ಅವರು ತಾವೇ ಬಂದಿದ್ದರು. ಅಂಗೈಯಲ್ಲಿ ಸಣ್ಣ ಸಣ್ಣ ಬನ್ನಿ ಎಲೆ, ಬೆವರಿಗೆ ಅಂಟಿಕೊಂಡಿದ್ದವು. “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು” ಅಂತ ಅನ್ನಬೇಕಲ್ಲ, ‘ಬನ್ನಿ’ ಅಂದವರಿಗೆ ಮುಂದಿನ ಮಾತು ಬರಲಿಲ್ಲ.

ಅಪ್ಪ ಎಲೆ ತಗೊಂಡರು. ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆಮೇಲೆ ಜಮಖಾನೆ ಮೇಲೆ ಗೋಡೆ ಕಡೆಯ ಜಾಗ ತೋರಿಸಿ, “ಅಣ್ಣಾ, ಮ್ಯಾಲೆ ಕೂಡು” ಅಂದರು. ಅದು ಅಜ್ಜ ಕೂರುತ್ತಿದ್ದ ಜಾಗ. ಅಜ್ಜ ಹೋದ ಮೇಲೆ ದೊಡ್ಡಪ್ಪನದು. ಮೂರು ವರ್ಷ ಅಲ್ಲಿ ಯಾರೂ ಕೂತಿರಲಿಲ್ಲ.

ಮನ್ನಿಸುವುದು ಅಂದರೆ ಇದೇ ಅಂತ ನಾನು ನಂಬಿದ್ದೇನೆ. ತಪ್ಪು ಮಾಡಿದವನ ಮಾನ ಮೊದಲು ಅವನ ಕೈಯಿಂದಲೇ ಹೋಗಿರುತ್ತದೆ. ಅದನ್ನು ತಿರುಗಿ ಕೊಡೋದು. ಸುಮ್ನೆ ‘ಇರಲಿ ಬಿಡು’ ಅಂದರೆ ಅದು ಸಿಗುವುದಿಲ್ಲ.

ಹಾಗಂತ ಅಪ್ಪ ಎರಡು ಸಾಲು ಹೊಲ ಬಿಟ್ಟುಕೊಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಮುಂದಿನ ವಾರ ಇಬ್ಬರೂ ಹಗ್ಗ ಹಿಡಿದು ಅಳೆದರು. ಗಡಿಯ ಕಲ್ಲನ್ನು ದೊಡ್ಡಪ್ಪನೇ ಹಾರೆ ಹಾಕಿ ಕಿತ್ತು, ಹಳೆಯ ಜಾಗದಲ್ಲಿ ನೆಟ್ಟು, ಸುತ್ತ ಮಣ್ಣು ತುಳಿದರು.