ನೀಲಿ ಉಡುಪಿನ ಆ ಹೆಂಗಸು

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಕುಳಿತು ಚಿತ್ರ ತೋರಿಸುತ್ತೇನೆ ಎಂದರೆ ನೀವು ನಕ್ಕೀರಿ. ಆದರೂ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳಿ.

ಕಪ್ಪು ಹಿನ್ನೆಲೆ. ಅದರ ಮುಂದೆ ನಿಂತ ತರುಣಿ ನೇರವಾಗಿ ನಿಮ್ಮನ್ನೇ ನೋಡುತ್ತಿದ್ದಾಳೆ. ಹೆಣೆದು ತಲೆಗೆ ಸುತ್ತಿದ ಜಡೆ, ಕೊರಳಲ್ಲಿ ಚಿನ್ನದ ಸರ. ಮೈಮೇಲೆ ಹೊಂಬಣ್ಣದ ಕಸೂತಿಯ ನೀಲಿ ಉಡುಪು. ತೋಳುಗಳಲ್ಲಿ ಬೇಕೆಂದೇ ಬಿಟ್ಟ ಸೀಳುಗಳು. ಒಳ ಅಂಗಿಯ ಬಿಳಿ ಬಟ್ಟೆ ಅವುಗಳಿಂದ ಅರಳಿದ ಮಲ್ಲಿಗೆಯಂತೆ ಹೊರಗೆ ಉಬ್ಬಿದೆ. ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುತ್ತದೆ. ಪದರದ ಮೇಲೆ ಪದರ ಹಚ್ಚುವಷ್ಟು ಪುರುಸೊತ್ತು ಕಲಾವಿದನಿಗೆ ಸಿಗುತ್ತದೆ. ಆ ಕೆನ್ನೆಗೆ ಒಳಗಿನಿಂದ ಬೆಳಕು ಬಂದಂತೆ ಕಾಣುವುದು ಅದರಿಂದಲೇ.

ಬರೆದವನು ವೆನಿಸ್ಸಿನ ಟಿಷಿಯನ್. ಚಿತ್ರ ಈಗ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿದೆ. ಹೆಸರು 'ಲಾ ಬೆಲ್ಲಾ', ಅಂದರೆ ಚೆಲುವೆ. ಆಕೆಯ ನಿಜವಾದ ಹೆಸರು ಯಾರಿಗೂ ತಿಳಿಯದು.

ಒಂದು ಕಾಗದ ಮಾತ್ರ ಉಳಿದಿದೆ. 1536ರ ಮೇ ತಿಂಗಳಲ್ಲಿ ಇಟಲಿಯ ಉರ್ಬಿನೋ ಸಂಸ್ಥಾನದ ದೊರೆ, ಡ್ಯೂಕ್ ಫ್ರಾನ್ಸೆಸ್ಕೊ ಮರಿಯಾ, ವೆನಿಸ್ಸಿನಲ್ಲಿದ್ದ ತನ್ನ ಪ್ರತಿನಿಧಿಗೆ ಬರೆದದ್ದು: ನೀಲಿ ಉಡುಪಿನ ಆ ಹೆಂಗಸಿನ ಚಿತ್ರವನ್ನು ಟಿಷಿಯನ್ ಚೆನ್ನಾಗಿ ಮುಗಿಸಿಕೊಡಲಿ ಎಂದು. ಅಷ್ಟೇ. ಯಾರು, ಯಾರ ಮಗಳು, ಒಂದೂ ಇಲ್ಲ. ದೊರೆಗೆ ನೆನಪಿದ್ದದ್ದು ಬಟ್ಟೆಯ ಬಣ್ಣ.

ಈಕೆ ಡ್ಯೂಕನ ಹೆಂಡತಿ ಎಲಿಯನೋರಾಳೇ ಇರಬೇಕು ಎಂದು ವಾದಿಸಿದವರಿದ್ದಾರೆ. ನನಗೇಕೋ ಒಪ್ಪಿಗೆಯಿಲ್ಲ. ಆಗ ಎಲಿಯನೋರಾಳಿಗೆ ನಲವತ್ತು ದಾಟಿತ್ತು. ಅದೇ ಸುಮಾರಿಗೆ ಟಿಷಿಯನ್ ಅವಳ ಚಿತ್ರವನ್ನು ಬೇರೆಯಾಗಿಯೇ ಬರೆದ. ಅದರಲ್ಲಿ ಅವಳ ಪಕ್ಕದ ಮೇಜಿನ ಮೇಲೆ ಒಂದು ಗಡಿಯಾರ, ಮಲಗಿದ ಪುಟ್ಟ ನಾಯಿ. ಅದೆಲ್ಲ ಹೋಗಲಿ, ಕಟ್ಟಿಕೊಂಡ ಹೆಂಡತಿಯನ್ನು ಯಾವ ಗಂಡ 'ನೀಲಿ ಉಡುಪಿನ ಆ ಹೆಂಗಸು' ಎಂದು ಕರೆದಾನು?

ಇದೇ ಮುಖವನ್ನು ಟಿಷಿಯನ್ನನ ಬೇರೆ ಚಿತ್ರಗಳಲ್ಲೂ ಗುರುತಿಸಿದವರಿದ್ದಾರೆ. ವಿಯೆನ್ನಾದಲ್ಲಿರುವ ಚಿತ್ರದಲ್ಲಿ ಆಕೆ ತುಪ್ಪಳದ ಮೇಲಂಗಿ ಹೊದ್ದಿದ್ದಾಳೆ; ಅದರ ಹೆಸರಿನಲ್ಲಿಯೂ ತುಪ್ಪಳವೇ ಇದೆ. ಇನ್ನೊಂದು, ಈಗ 'ಉರ್ಬಿನೋದ ವೀನಸ್' ಎಂದು ಪ್ರಸಿದ್ಧವಾಗಿರುವ ಚಿತ್ರ. ಅದರಲ್ಲಿ ಆಕೆ ಹಾಸಿಗೆಯ ಮೇಲೆ ಒರಗಿದ್ದಾಳೆ, ಮೈಮೇಲೆ ಬಟ್ಟೆಯಿಲ್ಲ. ಅದನ್ನು ಕೊಳ್ಳಲು ಹಟ ಹಿಡಿದವನು ಇದೇ ಡ್ಯೂಕನ ಮಗ ಗ್ವಿಡೊಬಾಲ್ಡೊ. 1538ರಲ್ಲಿ ಅವನೂ ಕಾಗದ ಬರೆದ. ಅಪ್ಪ ಬಟ್ಟೆಯಿಂದ ಗುರುತು ಹೇಳಿದ್ದರೆ, ಮಗ ಬರೆದದ್ದು ಎರಡೇ ಪದ: 'ಬೆತ್ತಲೆ ಹೆಂಗಸು.'

ನಮಸ್ಕಾರ.