ಕೋವಿಗೆ ಮದ್ದು ತುಂಬುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ. ಇನ್ನು ಕೆಲವೇ ದಿನಗಳಲ್ಲಿ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಬರುತ್ತದೆ. ಗದ್ದೆಯ ನಾಟಿ ಮುಗಿಸಿದ ಮನೆಗಳಲ್ಲಿ ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ಹೊರತೆಗೆದು ಒರೆಸಿ, ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗಿಡುವ ಸಿದ್ಧತೆ ಈಗಾಗಲೇ ನಡೆದಿರುತ್ತದೆ. ಅಂಥ ಕೋವಿಗಳನ್ನು ನೋಡುತ್ತಲೇ ಬೆಳೆದ ನಾನು ಮುಂದೆ ಭೂಸೇನೆಯಲ್ಲಿ ಇಪ್ಪತ್ತೆರಡು ವರ್ಷ ಆರ್ಮರರ್ ಆಗಿದ್ದೆ. ಎಂದರೆ ಪಡೆಯ ಆಯುಧಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಜೋಡಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಕಾಲಾಳು ಸೈನಿಕನ ಬಂದೂಕು ನಡೆದುಬಂದ ದಾರಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಾನುಲಿ ನಿಲಯದವರು ನನ್ನನ್ನು ಕರೆದಿದ್ದಾರೆ.

ಬಂದೂಕನ್ನು ಕಂಡೊಡನೆ ಜನರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ದೂರ ಹೊಡೆಯುತ್ತದೆ ಎಂಬುದು. ದಯವಿಟ್ಟು ಇವತ್ತೊಂದು ದಿನ ಆ ಪ್ರಶ್ನೆಯನ್ನು ಬದಿಗಿಡಿ. ಇದಕ್ಕೆ ತುಂಬುವುದು ಹೇಗೆ ಎಂದು ಕೇಳಿ. ಕಳೆದ ನಾನೂರು ವರ್ಷಗಳಲ್ಲಿ ಬಂದೂಕು ಬದಲಾದದ್ದೆಲ್ಲ ಬಹುಮಟ್ಟಿಗೆ ತುಂಬುವ ಕೆಲಸ ಬದಲಾದದ್ದರಿಂದಲೇ.

ಹಳೆಯ ಬತ್ತಿಯ ಬಂದೂಕನ್ನು ನೆನೆಸಿಕೊಳ್ಳಿ. ಸೈನಿಕನು ಎದ್ದು ನಿಂತು, ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜವೆಂಬ ಉದ್ದನೆಯ ಸರಳಿನಿಂದ ಜಡಿದು, ನಳಿಗೆಯ ಹಿಂತುದಿಯ ಬದಿಯಲ್ಲಿರುವ ಪುಟ್ಟ ಬಟ್ಟಲಿಗೆ ಇನ್ನೊಂದು ಚಿಟಿಕೆ ಮದ್ದು ಹಾಕಿ, ಹೊಗೆಯಾಡುವ ಬತ್ತಿಯನ್ನು ಅದಕ್ಕೆ ತಾಗಿಸಬೇಕಾಗಿತ್ತು. ಆಮೇಲೆ ಬತ್ತಿಯ ಬದಲು ಚಕಮಕಿ ಕಲ್ಲು ಬಂದಿತು. ಚೆನ್ನಾಗಿ ಪಳಗಿದ ಸಿಪಾಯಿ ಅದರಲ್ಲಿ ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ, ಅದೂ ಮಳೆ ಇಲ್ಲದಿದ್ದರೆ. ನಮ್ಮ ಆಷಾಢದ ಮಳೆಯಲ್ಲಿ ಬಟ್ಟಲಿನ ಮದ್ದು ಎಷ್ಟು ಹೊತ್ತು ಒಣಗಿರುತ್ತಿತ್ತು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. 1807ರಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಿಂದಲೇ ಮುಂದೆ ಕೇಪು, ಎಂದರೆ ಆ ಬಗೆಯ ರಾಸಾಯನಿಕ ತುಂಬಿದ ಪುಟ್ಟ ಲೋಹದ ಟೊಪ್ಪಿ, ಹುಟ್ಟಿತು; ನಮ್ಮ ಮನೆಗಳ ಕೇಪಿನ ಕೋವಿ ಆ ವಂಶದ್ದೇ. ಆದರೆ ಮದ್ದು ಮಾತ್ರ ಇನ್ನೂ ನಳಿಗೆಯ ಬಾಯಿಯಿಂದಲೇ ಇಳಿಯಬೇಕಾಗಿತ್ತು.

1857ರಲ್ಲಿ ಸಿಪಾಯಿಗಳು ಸಿಡಿದೇಳಲು ನೆಪವಾದದ್ದು ಕೂಡ ತುಂಬುವ ವಿಧಾನವೇ. ಎನ್‌ಫೀಲ್ಡ್ ರೈಫಲಿನ ಮದ್ದು ಮತ್ತು ಗುಂಡು ಕೊಬ್ಬು ಸವರಿದ ಒಂದು ಕಾಗದದ ಪೊಟ್ಟಣದಲ್ಲಿರುತ್ತಿದ್ದವು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಆ ದಂಗೆಯ ನಂತರ ಸರಕಾರ ಜನರ ಕೈಯಿಂದ ಆಯುಧ ಕಿತ್ತುಕೊಂಡಿತಾದರೂ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇಂದು ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಹೀಗಾಗಿ ನಮ್ಮ ಮನೆಗಳಲ್ಲಿ ಕೋವಿ ಉಳಿದುಕೊಂಡಿತು, ಕೋವಿಯ ಜೊತೆಗೆ ಬಾಯಿಯಿಂದ ತುಂಬುವ ಹಳೆಯ ಅಪಾಯವೂ ಉಳಿದುಕೊಂಡಿತು. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ನಿವೃತ್ತನಾಗಿ ಊರಿಗೆ ಬಂದ ಎರಡನೆಯ ವರ್ಷ, ಕೈಲ್ ಪೊಳ್ದ್‌ಗೆ ಒಂದು ವಾರ ಇರುವಾಗ, ನಾಪೋಕ್ಲು ಕಡೆಯ ಒಂದು ಐನ್‌ಮನೆಯಿಂದ, ಎಂದರೆ ಕುಟುಂಬದ ಮೂಲಮನೆಯಿಂದ, ನನಗೆ ಕರೆ ಬಂದಿತು. ಹಳೆಯ ಕೇಪಿನ ಕೋವಿಯೊಂದನ್ನು ಒರೆಸಿ ಕೊಡಬೇಕಿತ್ತು. ಆ ಮನೆಯ ಹುಡುಗ ಅದನ್ನು ಗೋಡೆಯಿಂದ ಇಳಿಸಿ, ನಳಿಗೆಯನ್ನು ತನ್ನ ಹೊಟ್ಟೆಯ ಕಡೆಗೇ ತಿರುಗಿಸಿಕೊಂಡು ತಂದು, “ಖಾಲಿ ಇದೆ ಮಾವ, ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ” ಎಂದ. ನಾನು ಕೋವಿಯನ್ನು ಈಸಿಕೊಂಡು ಬಾಯಿಯನ್ನು ಅಂಗಳದ ಕಡೆಗೆ ತಿರುಗಿಸಿ, ಗಜವನ್ನು ಒಳಗೆ ಬಿಟ್ಟೆ. ಖಾಲಿ ನಳಿಗೆಯಲ್ಲಿ ಗಜ ತಳ ಮುಟ್ಟಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬರುತ್ತದೆ. ಇಲ್ಲಿ ಬಂದದ್ದು ಮೆತ್ತಗಿನ ಸದ್ದು. ಗಜಕ್ಕೆ ಬೆರಳು ಹಿಡಿದು, ಹೊರತೆಗೆದು, ನಳಿಗೆಯ ಹೊರಮೈಗೆ ಒತ್ತಿಟ್ಟು ಅಳೆದೆ. ತಳದಿಂದ ನಾಲ್ಕು ಬೆರಳಿಗಿಂತ ಹೆಚ್ಚು ಕೊರತೆ ಇತ್ತು.

ಕೇಪು ಕೂರಿಸುವ ಮೊಳೆಯನ್ನು ನೋಡಿದೆ. ಕಿಲುಬು ಹಿಡಿದ ಕೇಪೊಂದು ಅಲ್ಲಿಯೇ ಇತ್ತು. ಅದನ್ನು ತೆಗೆದು, ನಳಿಗೆಯ ತುಂಬ ನೀರು ಹೊಯ್ದು, ಕೋವಿಯನ್ನು ರಾತ್ರಿಯಿಡೀ ಅಂಗಳದ ಮೂಲೆಯಲ್ಲಿ ಒರಗಿಸಿಟ್ಟೆವು. ಮರುದಿನ ಬೆಳಿಗ್ಗೆ ಗಜದ ತುದಿಗೆ ತಿರುಪನ್ನು ಸಿಕ್ಕಿಸಿ ಎಳೆಯತೊಡಗಿದೆ. ಮೊದಲು ಬಂದದ್ದು ಹಳೆಯ ಪತ್ರಿಕೆಯ ಉಂಡೆ. ಬಿಡಿಸಿ ನೋಡಿದರೆ ಅದರ ಮೇಲೆ ಕಾಫಿಯ ಧಾರಣೆ ಇನ್ನೂ ಓದುವಂತಿತ್ತು. ಅದರ ಹಿಂದೆ ಕಪ್ಪು ರಾಡಿಯಾದ ಮದ್ದು. ಇಷ್ಟೇ ಇರಬೇಕೆಂದುಕೊಂಡು ಗಜವನ್ನು ಮತ್ತೆ ಬಿಟ್ಟರೆ ಮತ್ತೆ ಮೆತ್ತಗಿನ ಸದ್ದೇ ಬಂದಿತು! ಈ ಸಲ ತೆಂಗಿನ ನಾರಿನ ಉಂಡೆ ಬಂದಿತು, ನಂತರ ಒಂದು ಹಿಡಿ ಚರೆ ಎಂಬ ಸಣ್ಣ ಗುಂಡುಗಳು, ಮತ್ತೆ ನಾರು, ಮತ್ತೆ ಗಟ್ಟಿ ಕಟ್ಟಿದ ಮದ್ದು. ಒಂದೇ ನಳಿಗೆಯಲ್ಲಿ ಒಂದರ ಮೇಲೊಂದು ಎರಡು ಈಡು ಕೂತಿದ್ದವು.

ಕೈಸಾಲೆಯಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿ ಚರೆಯನ್ನು ಅಂಗೈಯಲ್ಲಿ ಹಾಕಿಸಿಕೊಂಡು ನೋಡಿ, “ಇದು ಅವರು ಹಂದಿಗೆಂದು ತುಂಬಿದ್ದು. ಹಂದಿ ಬರಲಿಲ್ಲ” ಎಂದರು. ಆ ಮಳೆಗಾಲ ಕಳೆಯುವ ಮೊದಲೇ ಅಜ್ಜ ತೀರಿಕೊಂಡಿದ್ದರಂತೆ. ಕೆಲವು ವರ್ಷಗಳ ಮೇಲೆ ಮಗ ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸಲೆಂದು ಅದೇ ಕೋವಿಗೆ ಬರೀ ಮದ್ದು ತುಂಬಿದ; ಕೇಪು ಒದ್ದೆಯಾಗಿ ಹಾರಲಿಲ್ಲ; ಪಕ್ಕದ ಮನೆಯವರ ಕೋವಿಯಿಂದ ಶಾಸ್ತ್ರ ಮುಗಿಸಿ ಇದನ್ನು ಗೋಡೆಗೆ ತೂಗುಹಾಕಿದ. ಹೊಟ್ಟೆಯ ಕಡೆಗೆ ತಿರುಗಿಸಿಕೊಂಡು ತಂದ ಹುಡುಗ ಅವನ ಮಗ.

ಇದು ಆ ಒಂದು ಮನೆಯ ಅಜಾಗರೂಕತೆ ಎಂದು ತಿಳಿಯಬೇಡಿ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕದನದ ನಂತರ ರಣಭೂಮಿಯಿಂದ ಆಯ್ದು ತಂದ ಬಂದೂಕುಗಳು ಸುಮಾರು 27,000. ಅವುಗಳಲ್ಲಿ ಹೆಚ್ಚಿನವು ತುಂಬಿದವಾಗಿಯೇ ಇದ್ದವೆಂದೂ, ಸಾವಿರಾರು ಬಂದೂಕುಗಳಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಈಡುಗಳು ಒಂದರ ಮೇಲೊಂದು ಇದ್ದವೆಂದೂ ದಾಖಲಾಗಿದೆ. ಗದ್ದಲದಲ್ಲಿ ಸೈನಿಕನಿಗೆ ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಬಾಯಿಯಿಂದ ತುಂಬಿದ ನಳಿಗೆಯೊಳಗೆ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ನನ್ನ ದೃಷ್ಟಿಯಲ್ಲಿ ದೊಡ್ಡ ಬದಲಾವಣೆಯೆಂದರೆ ಬಂದೂಕು ಹಿಂದಿನಿಂದ ತೆರೆದದ್ದು. 1866ರ ಕೋನಿಗ್‌ಗ್ರೇಟ್ಸ್ ಕದನದಲ್ಲಿ ಪ್ರಷ್ಯದ ಸೈನಿಕರು ಡ್ರೈಸೆ ಬಂದೂಕಿಗೆ ನೆಲದ ಮೇಲೆ ಮಲಗಿಕೊಂಡೇ ಹಿಂದಿನಿಂದ ತುಂಬುತ್ತಿದ್ದರು. ಆಸ್ಟ್ರಿಯದವರು ಎದ್ದು ನಿಂತು ಗಜ ಜಡಿಯುತ್ತಿದ್ದರು. ನಿಂತವನಿಗೇ ಗುಂಡು ಬೀಳುವುದೆಂದು ಯಾರಾದರೂ ಊಹಿಸಬಹುದು. ನಂತರ ಹಿತ್ತಾಳೆಯ ತೋಟಾ ಬಂದು ಮದ್ದು, ಗುಂಡು, ಕೇಪು ಮೂರೂ ಒಂದಾದವು.

ಸಮಯ ಕಡಿಮೆ ಇರುವುದರಿಂದ ಮುಂದಿನದನ್ನು ಬೇಗ ಹೇಳುತ್ತೇನೆ. ಕಾಲೇಜಿನ ಎನ್‌ಸಿಸಿಯಲ್ಲಿ ನಾನು ಹೆಗಲಿಗೇರಿಸಿದ ಮೊದಲ ರೈಫಲ್ ತ್ರೀ ನಾಟ್ ತ್ರೀ, ಬಂಗಾಳದ ಇಶಾಪುರದಲ್ಲಿ ತಯಾರಾದದ್ದು. ಅದರ ಹಿಂಬದಿಯಲ್ಲಿ ಹಿತ್ತಾಳೆಯ ಪುಟ್ಟ ಬಾಗಿಲು, ಆ ಬಾಗಿಲೊಳಗೆ ಎಣ್ಣೆಯ ಶೀಸೆ ಮತ್ತು ನಳಿಗೆ ಒರೆಸುವ ಹುರಿ; ಇಂದಿಗೂ ನನಗೆ ಅದರಷ್ಟು ಅಚ್ಚುಕಟ್ಟಾದ ಬಂದೂಕು ಬೇರೆ ಕಂಡಿಲ್ಲ. ಐದೈದು ತೋಟಾಗಳ ಎರಡು ಕ್ಲಿಪ್ ಒತ್ತಿದರೆ ಹತ್ತು ತುಂಬುತ್ತಿದ್ದವು, ಪಳಗಿದ ಸೈನಿಕ ನಿಮಿಷಕ್ಕೆ ಹದಿನೈದು ಗುರಿಯಿಟ್ಟು ಹಾರಿಸುತ್ತಿದ್ದ. ಆದರೆ ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆದು ತಳ್ಳಬೇಕಾಗಿತ್ತು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದ ಕೊರೆಯುವ ಚಳಿಯಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವ್ ರೆಜಿಮೆಂಟಿನ ಸೈನಿಕರು ಅದೇ ರೈಫಲ್ ಹಿಡಿದು, ತಾನೇ ತುಂಬಿಕೊಳ್ಳುವ ಆಯುಧಗಳಿದ್ದ ಚೀನೀ ಪಡೆಯನ್ನು ಕೊನೆಯವರೆಗೂ ಎದುರಿಸಿದರು. ಆ ಯುದ್ಧದ ನಂತರ ನಮ್ಮ ಸೈನಿಕರ ಕೈಗೆ ಬಂದ ಎಸ್‌ಎಲ್‌ಆರ್‌ನ ಪೂರ್ಣ ಹೆಸರು ಸೆಲ್ಫ್ ಲೋಡಿಂಗ್ ರೈಫಲ್, ತಾನೇ ತುಂಬಿಕೊಳ್ಳುವ ರೈಫಲ್. ಹಾರಿದ ಗುಂಡಿನ ಹಿಂದಿನ ಅನಿಲದಲ್ಲಿ ಒಂದು ಪಾಲು ನಳಿಗೆಯ ಸಣ್ಣ ತೂತಿನಿಂದ ಹೊರಬಂದು, ಪಿಸ್ಟನ್ ತಳ್ಳಿ, ಖಾಲಿ ತೋಟಾವನ್ನು ಎಸೆದು ಮುಂದಿನದಕ್ಕೆ ದಾರಿ ಮಾಡಿಕೊಡುತ್ತದೆ. ಅದರ ನಂತರ ಇನ್ಸಾಸ್ ರೈಫಲ್ ಬಂದಾಗ ತೋಟಾದ ತೂಕ ಅರ್ಧಕ್ಕಿಳಿಯಿತು, ತೋಟಾಗಳನ್ನಿಡುವ ಡಬ್ಬಿಯಾದ ಮ್ಯಾಗಜೀನಿನ ಪ್ಲಾಸ್ಟಿಕ್ ಗೋಡೆಯ ಮೂಲಕ ಎಷ್ಟು ಉಳಿದಿದೆ ಎಂಬುದು ಕಣ್ಣಿಗೇ ಕಾಣತೊಡಗಿತು. ಈಗ ಅಮೇಥಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುತ್ತಿರುವ ಎಕೆ-203 ರೈಫಲಿಗೆ ಮೂವತ್ತು ತೋಟಾಗಳ ಮ್ಯಾಗಜೀನ್ ಇದೆ.

ಆ ಐನ್‌ಮನೆಯ ಗಜದ ಮೇಲೆ, ಖಾಲಿ ನಳಿಗೆಯಲ್ಲಿ ಅದು ಎಲ್ಲಿಯವರೆಗೆ ಇಳಿಯಬೇಕೋ ಅಲ್ಲಿಗೆ ಸರಿಯಾಗಿ, ಅರದಿಂದ ಒಂದು ಗೆರೆ ಕೊರೆದುಕೊಟ್ಟು ಬಂದಿದ್ದೆ. ಈಗ ಪ್ರತಿ ಕೈಲ್ ಪೊಳ್ದ್‌ಗೂ ಆ ಹುಡುಗನೇ ಕೋವಿಯನ್ನು ಇಳಿಸಿ, ಬಾಯಿಯನ್ನು ಅಂಗಳದ ಕಡೆಗೆ ತಿರುಗಿಸಿ, ಗಜವನ್ನು ಒಳಗೆ ಬಿಡುತ್ತಾನೆ. ಗೆರೆ ನಳಿಗೆಯ ಬಾಯಿಗೆ ಸಮವಾಗಿ ನಿಂತಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಅಜ್ಜಿ ತೋಕ್ ಪೂವನ್ನು ಅವನ ಕೈಗೆ ಕೊಡುತ್ತಾರೆ. ನಮಸ್ಕಾರ.