ಗೆರೆಯಿಂದ ಹಿಂದಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ. ಹೊರಗೆ ಹಾಕಿರುವ ಫೋಟೋ ನೋಡಿಯೇ ಒಳಗೆ ಬಂದಿದ್ದೀರಿ. ಆಗಲೇ ಒಬ್ಬ ಹಿರಿಯರು ಕೇಳಿದರು, "ಏನಪ್ಪಾ, ಇಷ್ಟೊಂದು ಸೈಕಲ್ ರೇಸಿನ ಫೋಟೋ ಇದಾವೆ, ಗೆದ್ದವರದ್ದು ಎಲ್ಲಿ?" ಇವೆ, ಎರಡಿವೆ, ಬಾಗಿಲ ಪಕ್ಕದಲ್ಲಿ. ಉಳಿದವು ಯಾಕೆ ಬೇರೆ ಅಂತ ಹೇಳುವುದಕ್ಕೇ ನಾನು ಚಿತ್ರದುರ್ಗಕ್ಕೆ ಬಂದಿದ್ದೇನೆ ಅಂದುಕೊಳ್ಳಿ.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಪಾಳಿ ಮುಗಿದ ಕೂಗು ಆಯಿತೆಂದರೆ ನೂರಾರು ಸೈಕಲ್ ಒಟ್ಟಿಗೆ ರಸ್ತೆಗೆ ಬೀಳುತ್ತಿದ್ದವು. ಬೆಲ್ಲಿನ ಸದ್ದು, ಕ್ಯಾರಿಯರಿನಲ್ಲಿ ಖಾಲಿ ಬುತ್ತಿ ಡಬ್ಬಿಯ ಸದ್ದು, ಎಲ್ಲರ ತಲೆ ಮೇಲೂ ಹತ್ತಿಯ ಎಳೆ. ಆ ಗುಂಪಿನಲ್ಲಿ ಅಪ್ಪನನ್ನು ಹುಡುಕುವುದೇ ನನ್ನ ಆಟ. ಮುಖ ಎಲ್ಲಿ ಕಾಣಬೇಕು? ತುಳಿಯುವ ರೀತಿ ನೋಡಿ ಗುರುತು ಹಿಡಿಯುತ್ತಿದ್ದೆ. ಅವರ ಎಡ ಮೊಣಕಾಲು ಒಂಚೂರು ಹೊರಗೆ ವಾಲುತ್ತಿತ್ತು. ಇವತ್ತಿಗೂ ರೇಸಿನಲ್ಲಿ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿದ ಹುಡುಗರನ್ನು ನಾನು ಗುರುತಿಸುವುದು ಮೊಣಕಾಲು ನೋಡಿಯೇ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದಲ್ಲ, ಆಗ ಕುಸ್ತಿ ನೋಡಲು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಬಿದ್ದಾಗ ಜನ ಹೋ ಅನ್ನುವರು, ನಾನೂ ಕೂಗುವೆ. ಒಂದು ಸಲ ಅಪ್ಪ ನನ್ನ ಪಾದ ಗಟ್ಟಿಯಾಗಿ ಹಿಡಿದು ಹೇಳಿದರು, "ಬಿದ್ದಿದ್ದು ಎಲ್ಲರಿಗೂ ಕಾಣ್ತತಿ. ನೀನು ಕಾಲು ನೋಡು. ಪಟ್ಟು ಬೀಳೋದಕ್ಕೆ ಮೊದಲು ಕಾಲು ಹೇಳ್ತತಿ." ಫೋಟೋಗ್ರಫಿ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು. ಅಪ್ಪ ಕ್ಯಾಮೆರಾ ಮುಟ್ಟಿದವರೇ ಅಲ್ಲ.

ಆಮೇಲೆ ಕಬಡ್ಡಿ, ಖೊ ಖೊ, ರೇಡಿಯೋ ಕಾಮೆಂಟರಿ. 1983ರ ವಿಶ್ವಕಪ್ ಫೈನಲ್ ರಾತ್ರಿ ನಮ್ಮ ಓಣಿಯಲ್ಲಿ ಒಬ್ಬರೂ ಮಲಗಲಿಲ್ಲ. ಶಾಲೆಯಲ್ಲಿ ಸ್ಕೋರು ಬರೆಯುವ ಕೆಲಸ ನನ್ನದೇ. ನಮ್ಮೂರಿನ ವಿನಯ್ ಕುಮಾರ್ ನಾಯಕತ್ವದಲ್ಲಿ 2013-14ರಲ್ಲಿ, ಅದರ ಮರುವರ್ಷ ಮತ್ತೆ, ಕರ್ನಾಟಕ ರಣಜಿ ಗೆದ್ದಾಗ ಟಿವಿ ಮುಂದೆ ಕೂತು ಅದೇ ಹಳೇ ಅಭ್ಯಾಸದಲ್ಲಿ ಹಾಳೆ ಮೇಲೆ ಸ್ಕೋರು ಬರೆದಿದ್ದೇನೆ.

ಈಗ ಕಥೆಗೆ ಬರುತ್ತೇನೆ. ಕಾಲೇಜು ಮುಗಿದಿತ್ತು. ಅಕ್ಕನನ್ನು ಬಾಗಲಕೋಟೆ ಕಡೆ ಕೊಟ್ಟಿದ್ದರು. ಅವಳ ಊರ ಜಾತ್ರೆಗೆ ಹೋದೆ, ಕೈಯಲ್ಲಿ ಸೋದರಮಾವನ ಯಾಶಿಕಾ ಕ್ಯಾಮೆರಾ. ಅಲ್ಲಿ ಸೈಕಲ್ ರೇಸು. ಆ ಕಡೆಯವರಿಗೆ ಸೈಕಲ್ ಅಂದರೆ ಏನು ಅಂತ ನಿಮಗೆ ಗೊತ್ತು. ವಿಜಯಪುರ, ಬಾಗಲಕೋಟೆ ಹುಡುಗರು ದೇಶಕ್ಕಾಗಿ ಸೈಕಲ್ ತುಳಿದವರು. ಗೇರಿಲ್ಲದ ಸಾದಾ ಸೈಕಲ್ಲು, ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಕಿತ್ತು ಹಾಕಿ ಹಗುರ ಮಾಡಿಕೊಂಡಿದ್ದರು. ಎಲ್ಲರ ಹಾಗೆ ನಾನೂ ಮುಗಿಯುವ ಗೆರೆ ಹತ್ತಿರವೇ ಜಾಗ ಹಿಡಿದೆ. ಒಂದು ರೋಲು, 36 ಫೋಟೋ. ಗುಲಾಲು ಹಾರಿತು, ಗೆದ್ದವನನ್ನು ಎತ್ತಿ ಕುಣಿದರು, ರೋಲು ಮುಗಿಯಿತು.

ಜನ ಚದುರಿದ ಮೇಲೆ ನೀರು ಕುಡಿಯಲು ಬೋರ್‌ವೆಲ್ ಹುಡುಕುತ್ತಾ ರೇಸಿನ ದಾರಿಯಲ್ಲೇ ಹಿಂದಕ್ಕೆ ನಡೆದೆ. ಅರ್ಧ ಮೈಲಿ ಇರಬಹುದು. ಎದುರಿಗೆ ಒಬ್ಬ ಹುಡುಗ ಬರಿಗಾಲಲ್ಲಿ ಸೈಕಲ್ ಹೆಗಲ ಮೇಲೆ ಹೊತ್ತು ಬರುತ್ತಿದ್ದ. ಚೈನು ಕಡಿದಿತ್ತು. ಹಿಂದೆ ಅವನ ಅಜ್ಜ, ಕಡಿದ ಚೈನನ್ನು ಕೈಗೆ ಸುತ್ತಿಕೊಂಡು, ಮೊಣಕೈವರೆಗೂ ಗ್ರೀಸು. ಇಬ್ಬರೂ ಮಾತಾಡುತ್ತಿರಲಿಲ್ಲ. "ಎಲ್ಲಿಗೆ, ರೇಸು ಮುಗೀತಲ್ಲ" ಅಂದೆ. ಹುಡುಗ ನಿಲ್ಲದೆ ಹೇಳಿದ, "ಗೆರಿ ಮುಟ್ಟಿಸಿ ಬರ್ತೀನ್ರಿ."

ಕ್ಯಾಮೆರಾದಲ್ಲಿ ರೋಲು ಮುಂದೆ ಸರಿಸುವ ಲಿವರ್ ಸುಮ್ನೆ ಒತ್ತಿ ನೋಡಿದೆ. ಇನ್ನೊಂದು ಸಲ ತಿರುಗಿತು. ಹಳಬರಿಗೆ ಗೊತ್ತಿರುತ್ತದೆ, ರೋಲಿನಲ್ಲಿ ಒಮ್ಮೊಮ್ಮೆ 37ನೆಯದೂ ಸಿಗುತ್ತಿತ್ತು. ತೆಗೆದೆ. ಸ್ಟುಡಿಯೋದಲ್ಲಿ 36 ಪ್ರಿಂಟ್ ಕೊಟ್ಟರು, ಇದನ್ನು ಕೊಡಲಿಲ್ಲ, ಅರ್ಧ ಕಡಿದಿದೆ ಅಂತ. ನೆಗೆಟಿವ್ವನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಕಂಡಿತು. ಹುಡುಗನ ಮುಖ ಅರ್ಧ ಇಲ್ಲ. ಹೆಗಲು ಇದೆ, ಚಕ್ರ ಇದೆ, ಅಜ್ಜನ ಕೈ ಇದೆ. ಮಿಕ್ಕ 36ರಲ್ಲಿ ಗೆದ್ದವನು ಇದ್ದಾನೆ, ಹೇಗೆ ಗೆದ್ದ ಅನ್ನುವುದು ಒಂದರಲ್ಲೂ ಇಲ್ಲ. ಅವತ್ತಿನಿಂದ ನನ್ನದು ಒಂದೇ ಮಾತು: ಗೆರೆಯಿಂದ ಹಿಂದಕ್ಕೆ ಬನ್ನಿ.

ಸೈಕಲ್ ರೇಸು ಕ್ರಿಕೆಟ್ಟಿನ ಹಾಗಲ್ಲ. ಗಂಟೆಗಟ್ಟಲೆ ಕಾಯಬೇಕು, ಹತ್ತು ಸೆಕೆಂಡಿನಲ್ಲಿ ಎಲ್ಲರೂ ಮುಂದೆ ಹೋಗಿಬಿಟ್ಟಿರುತ್ತಾರೆ. ಅದಕ್ಕೇ ರೇಸು ಎಲ್ಲಿ ಒಡೆಯುತ್ತದೆ ಅಂತ ಮೊದಲೇ ಗೊತ್ತಿರಬೇಕು, ಅದು ಕ್ಯಾಮೆರಾ ಹೇಳುವುದಿಲ್ಲ, ಆಟ ಬಲ್ಲವನಿಗೆ ಮಾತ್ರ ಗೊತ್ತು. ಗಾಳಿಯನ್ನೇ ತಗೊಳ್ಳಿ. ಮುಂದಿನವನ ಹಿಂದೆ ಅಂಟಿಕೊಂಡು ಹೋದರೆ ಶ್ರಮ ಎಷ್ಟೋ ಉಳಿಯುತ್ತದೆ. ಗಾಳಿ ಅಡ್ಡ ಬೀಸಿದರೆ ನೇರ ಹಿಂದೆ ಇದ್ದು ಲಾಭವಿಲ್ಲ, ಓರೆ ಸಾಲು ಕಟ್ಟುತ್ತಾರೆ, ಸಂಜೆ ಕೆರೆಯಿಂದ ವಾಪಸ್ ಹೋಗುವ ಬೆಳ್ಳಕ್ಕಿಗಳ ಹಾಗೆ. ರಸ್ತೆಯ ಅಗಲ ಮುಗಿದಲ್ಲಿ ಸಾಲಿನ ಕೊನೆಯವನಿಗೆ ಜಾಗವಿಲ್ಲ. ಅವನು ಕಳಚಿಕೊಳ್ಳುತ್ತಾನೆ. ರೇಸು ಸೋತದ್ದು ಅಲ್ಲಿ! ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ಹೆದ್ದಾರಿ ಪಕ್ಕ ನಿಂತು ನೋಡಿ, ದುರ್ಗದ ಗಾಳಿ ಏನು ಮಾಡುತ್ತದೆ ಅಂತ.

ಟೂರ್ ದ ಫ್ರಾನ್ಸ್ ಶುರುವಾದದ್ದು 1903ರಲ್ಲಿ, ಒಂದು ಪತ್ರಿಕೆ ತನ್ನ ಮಾರಾಟ ಹೆಚ್ಚಲಿ ಅಂತ ನಡೆಸಿದ ರೇಸು. ಅದರ ಹೆಸರಾಂತ ಫೋಟೋಗಳಲ್ಲಿ ಒಂದು 1952ರದ್ದು. ಇಟಲಿಯ ಕೊಪ್ಪಿ ಮತ್ತು ಬಾರ್ತಲಿ, ವರ್ಷಗಟ್ಟಲೆ ಎದುರಾಳಿಗಳು. ಬೆಟ್ಟದ ಏರಿನಲ್ಲಿ ಒಂದು ಬಾಟಲಿ ಇಬ್ಬರ ಕೈಯಲ್ಲೂ ಇದೆ. ಕೊಟ್ಟವರು ಯಾರು, ಇಸಿದುಕೊಂಡವರು ಯಾರು ಅಂತ ಇಟಲಿಯವರು ಜಗಳಾಡುತ್ತಲೇ ಬಂದರು. ಆ ವರ್ಷ ಗೆದ್ದದ್ದು ಕೊಪ್ಪಿ. ಜನ ನೆನಪಿಟ್ಟುಕೊಂಡದ್ದು ಬಾಟಲಿ. ಗೆರೆಯಿಂದ ಎಷ್ಟೋ ಹಿಂದೆ ತೆಗೆದ ಫೋಟೋ ಅದು.

ಚೀಟಿ ಬಂತು, ಹತ್ತು ನಿಮಿಷ ಅಂತ. ಲೆನ್ಸಿನ ಭಾಗ ಬಿಡುತ್ತೇನೆ, ಫ್ಲಾಶ್ ಬಗ್ಗೆ ಇದ್ದದ್ದನ್ನೂ ಬಿಡುತ್ತೇನೆ. ಪ್ಯಾನಿಂಗ್, ಅಂದರೆ ಓಡುವವನ ಜೊತೆಗೇ ಕ್ಯಾಮೆರಾ ತಿರುಗಿಸಿ ಫೋಟೋ ತೆಗೆಯುವುದು, ಅದೊಂದನ್ನು ಹೇಳಲೇಬೇಕು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ 1/1000 ಇಟ್ಟರೆ ಸೈಕಲ್ ಸರಿಯುವುದು ಒಂದು ಸೆಂಟಿಮೀಟರ್ ಚಿಲ್ಲರೆ, ಚಿತ್ರದಲ್ಲಿ ನಿಂತ ಸೈಕಲ್ಲೇ ಅನಿಸುತ್ತದೆ. 1/30 ಇಟ್ಟರೆ ಒಂದು ಅಡಿಗಿಂತ ಜಾಸ್ತಿ. ಆಗ ಕ್ಯಾಮೆರಾವನ್ನು ಅವನ ಜೊತೆಗೇ ತಿರುಗಿಸಬೇಕು, ಕೈ ಅಲ್ಲ, ಸೊಂಟದಿಂದ. ಒತ್ತುವ ಮೊದಲೇ ತಿರುಗಲು ಶುರು ಮಾಡಿ, ಒತ್ತಿದ ಮೇಲೂ ನಿಲ್ಲಿಸಬೇಡಿ. ಮುಖ ಸ್ಪಷ್ಟ, ಚಕ್ರದ ಕಡ್ಡಿಗಳು ಕರಗಿ ಹೋಗಿರುತ್ತವೆ, ಹಿಂದಿನ ಬೇಲಿಯೆಲ್ಲ ಬಣ್ಣದ ಗೆರೆ. ಐವತ್ತು ತೆಗೆದರೆ ಒಂದು ಸಿಗುತ್ತದೆ. ಮೊಬೈಲಿನಲ್ಲೂ ಬರುತ್ತದೆ, ಪ್ರಯತ್ನ ಮಾಡಿ.

ಚೀಟಿ ಮತ್ತೆ ಬಂತು. ಸರಿ. ನಾಳೆ ಬೆಳಿಗ್ಗೆ ಆರಕ್ಕೆ ಊರಿನ ಸೈಕಲ್ ಹುಡುಗರು ಜೋಗಿಮಟ್ಟಿ ಏರು ಹತ್ತುತ್ತಾರೆ. ನಾನು ಅಲ್ಲಿರುತ್ತೇನೆ, ಏರು ಜಾಸ್ತಿಯಾಗುವ ಕಡೆ. ಯಾರು ಬೇಕಾದರೂ ಬನ್ನಿ, ನೀರಿನ ಬಾಟಲಿ ಎರಡು ಹಿಡಿದುಕೊಂಡು ಬನ್ನಿ, ಒಂದು ನಿಮಗೆ, ಇನ್ನೊಂದು ಹಿಂದೆ ಉಳಿದ ಹುಡುಗನಿಗೆ. ಆ ಫೋಟೋ ಕೇಳಿದ ಹಿರಿಯರು ಎಲ್ಲಿ ಕೂತಿದ್ದೀರಿ? ಹಾಂ, ನಮಸ್ಕಾರ. ನೀವೂ ಬರಬೇಕು, ನಾನೇ ಮನೆ ಹತ್ತಿರ ಬಂದು ಕರೆದುಕೊಂಡು ಹೋಗುತ್ತೇನೆ.